ಗುರುನಾನಕ್ ಜಯಂತಿಗೆ ನಿಮಗೆ ರಜೆ ಇದೆಯಾ? ಸರಿಯಾಗಿ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಯ, ಅಂದರೆ ಗುರುನಾನಕ್ ಜಯಂತಿಯ, ಹಿಂದಿನ ರಾತ್ರಿ ನನ್ನ ಫೋನಿಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ: "ನಾಳೆ ಬ್ಯಾಂಕ್ ಇದೆಯಾ?" ನಾನೂ ಒಮ್ಮೆ ಏಮಾರಿದವನೇ. 2024ರ ನವೆಂಬರ್ 15, ಶುಕ್ರವಾರ. ಅಂಚೆ ಕಚೇರಿಯಲ್ಲಿ ಮಗಳ ಖಾತೆಗೆ ದುಡ್ಡು ಕಟ್ಟಲು ಅರ್ಧ ದಿನ ರಜೆ ಹಾಕಿ ಹೋದೆ. ಬಾಗಿಲಿಗೆ ಬೀಗ. ಎರಡು ಅಂಗಡಿ ದಾಟಿದರೆ ಬ್ಯಾಂಕ್ ತೆರೆದಿತ್ತು, ಒಳಗೆ ಎಂದಿನಂತೆ ಕ್ಯೂ. ಎರಡೂ ಕೇಂದ್ರ ಸರ್ಕಾರದ್ದೇ ಅಲ್ವಾ ಅಂದುಕೊಂಡು ಹೋಗಿದ್ದೆ. ಅಲ್ಲೇ ತಪ್ಪಿದ್ದು.

ಸಿಖ್ಖರ ಮೊದಲ ಗುರುವಿನ ಈ ಜಯಂತಿಯನ್ನು ಕೇಂದ್ರ ಸರ್ಕಾರ ಕಡ್ಡಾಯ ರಜೆಯಾಗಿ ಒಪ್ಪಿದೆ. ಕರ್ನಾಟಕ ಸರ್ಕಾರ ಅದನ್ನು ಸಾರ್ವತ್ರಿಕ ರಜೆ ಮಾಡಿಲ್ಲ, ಪರಿಮಿತ ರಜೆಯ (ಬೇಕಾದವರು ಮಾತ್ರ ಅರ್ಜಿ ಕೊಟ್ಟು ತೆಗೆದುಕೊಳ್ಳುವ ರಜೆ) ಪಟ್ಟಿಯಲ್ಲಿ ಇಟ್ಟಿದೆ. ಗೊಂದಲದ ಬೇರು ಇಷ್ಟೇ. ಆದರೆ ಜನ ಮೊದಲು ತಾರೀಕು ಹುಡುಕುತ್ತಾರೆ, ಆಮೇಲೆ ಪಟ್ಟಿ ಹುಡುಕುತ್ತಾರೆ. ರಜೆ ಕೊಡುವವರು ಯಾರು ಅನ್ನುವುದು ನೆನಪಾಗುವುದು ಬೀಗ ನೋಡಿದ ಮೇಲೆ. ಈ ಕ್ರಮವನ್ನು ತಿರುಗಿಸಿ ಹಾಕಿ.

ಮೊದಲು ಕೈಗೆ ಬೇಕಾದ್ದು

ನಾಲ್ಕು ಕಾಗದ ಸಾಕು, ಎಲ್ಲವೂ ಪುಕ್ಕಟೆ.

ಒಂದು, ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ ಪ್ರತಿ ವರ್ಷ ಹೊರಡಿಸುವ ರಜಾ ಆದೇಶ. ಎರಡು, ಕರ್ನಾಟಕದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯ ಅಧಿಸೂಚನೆ. ಹೆಸರುಗಳು ಹತ್ತಿರ ಹತ್ತಿರ ಇವೆ, ಅದಲುಬದಲು ಮಾಡಬೇಡಿ. ಮೂರು, ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಬ್ಯಾಂಕ್ ರಜೆಗಳ ಪುಟ. ನಾಲ್ಕು, ನಿಮ್ಮ ಸ್ವಂತ ಕಚೇರಿ, ಶಾಲೆ ಅಥವಾ ಕಂಪನಿಯ ಪಟ್ಟಿ.

ಗೋಡೆಯ ಕ್ಯಾಲೆಂಡರ್ ಈ ನಾಲ್ಕರಲ್ಲಿ ಇಲ್ಲ. ಅದರಲ್ಲಿ ಕೆಂಪಗಿದ್ದ ಮಾತ್ರಕ್ಕೆ ರಜೆ ಆಗುವುದಿಲ್ಲ. ಅಚ್ಚು ಹಾಕಿಸಿದವರು ಕೇಂದ್ರದ್ದು, ರಾಜ್ಯದ್ದು ಸೇರಿಸಿ ಕೆಂಪು ಬಳಿದಿರುತ್ತಾರೆ. ತಿಥಿ ನೋಡಲು ಒಳ್ಳೆಯದು, ರಜೆ ನೋಡಲು ಅಲ್ಲ.

ಹಂತ 1: ನಿಮಗೆ ರಜೆ ಕೊಡುವ ಧಣಿ ಯಾರು?

ಸಂಬಳ ಎಲ್ಲಿಂದ ಬರುತ್ತದೆ ಅಂತ ಕೇಳಿಕೊಳ್ಳಿ. ನೀವು ಗಿರಾಕಿಯಾಗಿ ಹೋಗುತ್ತಿದ್ದರೆ ಕೌಂಟರಿನ ಆ ಕಡೆ ಕೂತವರ ಸಂಬಳ ಎಲ್ಲಿಂದ ಅಂತ ಕೇಳಿ.

ಅಂಚೆ ಕಚೇರಿ, ಪಾಸ್‌ಪೋರ್ಟ್ ಕಚೇರಿ, ಆದಾಯ ತೆರಿಗೆ ಕಚೇರಿ, ಕೇಂದ್ರೀಯ ವಿದ್ಯಾಲಯ ಎಲ್ಲ ಕೇಂದ್ರದ ಪಟ್ಟಿಗೆ ಸೇರಿದವು. ಕೇಂದ್ರದ ಕಚೇರಿಗಳು ದೇಶದ ಯಾವ ಮೂಲೆಯಲ್ಲಿದ್ದರೂ ಕೊಡಲೇಬೇಕಾದ ರಜೆ 14. ಅದರಲ್ಲಿ ಗುರುನಾನಕ್ ಜಯಂತಿ ಒಂದು. ಹಾಗಾಗಿ ಕಲಬುರಗಿಯ ಅಂಚೆ ಕಚೇರಿಗೂ ರಜೆ, ಅಮೃತಸರದ್ದಕ್ಕೂ ರಜೆ.

ತಾಲ್ಲೂಕು ಕಚೇರಿ, ನಾಡಕಚೇರಿ, ಸಬ್ ರಿಜಿಸ್ಟ್ರಾರ್, ಸರ್ಕಾರಿ ಶಾಲೆ, ಆರ್‌ಟಿಒ ರಾಜ್ಯದ ಪಟ್ಟಿಗೆ ಸೇರಿದವು. ಇವು ಆ ದಿನ ಕೆಲಸ ಮಾಡುತ್ತವೆ. ಹೈಕೋರ್ಟಿಗೆ ತನ್ನದೇ ಕ್ಯಾಲೆಂಡರ್ ಇದೆ. ಕೇಸ್ ಇದ್ದರೆ ಅದನ್ನೇ ನೋಡಿ, ಇಲ್ಲವೇ ವಕೀಲರನ್ನು ಕೇಳಿ.

ನಮ್ಮ ಪಕ್ಕದ ಮನೆಯಲ್ಲಿ ಗಂಡ ಕೇಂದ್ರದ ಕಚೇರಿಯವರು, ಹೆಂಡತಿ ಸರ್ಕಾರಿ ಶಾಲೆಯ ಟೀಚರ್. ಆ ಬೆಳಿಗ್ಗೆ ಗೋಡೆ ದಾಟಿ ಕೇಳುವ ಮಾತು: "ರೀ, ನಿಮಗೆ ಹೇಗೂ ರಜೆ, ಇವತ್ತು ಮಗೂಗೆ ಡಬ್ಬಿ ನೀವೇ ಕಟ್ಟಿ." ಸರಿಯಾಗಿ ಮೂರು ದಿನ ಬಿಟ್ಟು ಪಾತ್ರ ಬದಲು. ಗುರುನಾನಕ್ ಜಯಂತಿ ಕಾರ್ತಿಕ ಹುಣ್ಣಿಮೆಗೆ ಬಂದರೆ ಕನಕ ಜಯಂತಿ ಕಾರ್ತಿಕ ಬಹುಳ ತದಿಗೆಗೆ. ಅದು ರಾಜ್ಯದ ಸಾರ್ವತ್ರಿಕ ರಜೆ, ಕೇಂದ್ರದ ಪಟ್ಟಿಯಲ್ಲಿ ಇಲ್ಲ. 2024ರಲ್ಲಿ ನವೆಂಬರ್ 15ಕ್ಕೆ ಆತ ಮನೆಯಲ್ಲಿ, 18ಕ್ಕೆ ಈಕೆ ಮನೆಯಲ್ಲಿ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುತ್ತದೆ ಅಂತ ಊರಿಗೆ ಟಿಕೆಟ್ ಬುಕ್ ಮಾಡಿ, ಆಮೇಲೆ ಕ್ಯಾನ್ಸಲ್ ಮಾಡಿಸಿದವರು ಇವರೊಬ್ಬರೇ ಅಲ್ಲ.

ಇಲ್ಲಿ ಆಗುವ ದೊಡ್ಡ ತಪ್ಪು: "ಸರ್ಕಾರಿ ರಜೆ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುವುದು. ಯಾವ ಸರ್ಕಾರದ್ದು ಅಂತ ಹೇಳದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ.

ಹಂತ 2: ಊರು ಯಾವ ರಾಜ್ಯದ್ದು?

ನೀವು ಕೇಂದ್ರದ ನೌಕರರಾದರೆ ಈ ಹಬ್ಬದ ಮಟ್ಟಿಗೆ ಈ ಹಂತ ಬಿಟ್ಟುಬಿಡಿ. ಉಳಿದವರಿಗೆ ಬಹಳ ಮುಖ್ಯ.

ಬೀದರಿನಲ್ಲಿ ಗುರುದ್ವಾರ ನಾನಕ್ ಝಿರಾ ಸಾಹಿಬ್ ಇದೆ. ಜಯಂತಿಗೆ ದೂರದೂರದಿಂದ ಜನ ಬರುತ್ತಾರೆ. ಆದರೂ ಊರಿನ ಬ್ಯಾಂಕುಗಳಿಗೆ ಅನ್ವಯಿಸುವುದು ಕರ್ನಾಟಕದ ಪಟ್ಟಿಯೇ. ಗಡಿ ದಾಟಿ ತೆಲಂಗಾಣದ ಜಹೀರಾಬಾದಿಗೆ ಹೋಗಿ, ಅಲ್ಲಿ ಅದು ಸಾರ್ವತ್ರಿಕ ರಜೆ. ಕಾರ್ತಿಕ ಪೂರ್ಣಿಮೆ ಮತ್ತು ಗುರುನಾನಕ್ ಜಯಂತಿಯನ್ನು ತೆಲಂಗಾಣ ಒಂದೇ ಸಾಲಿನಲ್ಲಿ ಬರೆದು ರಜೆ ಕೊಡುತ್ತದೆ. ಮಹಾರಾಷ್ಟ್ರದಲ್ಲೂ ರಜೆ. ತಮಿಳುನಾಡು, ಕೇರಳ, ಗೋವಾದಲ್ಲಿ ಬ್ಯಾಂಕುಗಳು ನಮ್ಮ ಹಾಗೇ ತೆರೆದಿರುತ್ತವೆ. ಗಡಿಯಾಚೆ ವ್ಯಾಪಾರ ಇರುವ ಬೀದರ್, ಬೆಳಗಾವಿ ಕಡೆಯವರು ಎರಡೂ ರಾಜ್ಯದ ಪಟ್ಟಿ ಇಟ್ಟುಕೊಳ್ಳಬೇಕು. ನೀವು ಕಳಿಸಿದ ಕಾಗದ ಅಲ್ಲಿ ಯಾರ ಟೇಬಲ್ ಮೇಲೂ ಹೋಗದೆ ಒಂದು ದಿನ ಕೂತಿರುತ್ತದೆ.

ಜಿಲ್ಲಾಧಿಕಾರಿಗಳು ಜಾತ್ರೆ, ಉತ್ಸವಕ್ಕೆ ಸ್ಥಳೀಯ ರಜೆ ಘೋಷಿಸುವುದೂ ಉಂಟು. ಹಾಗೆ ಆಗಿದ್ದರೆ ಅದಕ್ಕೆ ಬೇರೆಯೇ ಆದೇಶ ಇರುತ್ತದೆ. ಆದೇಶದ ಪ್ರತಿ ಕಣ್ಣಿಗೆ ಬೀಳುವವರೆಗೆ ನಂಬಬೇಡಿ. ಅದು ಶಾಲೆಗೆ ಮಾತ್ರವೋ ಎಲ್ಲ ಕಚೇರಿಗೂ ಇದೆಯೋ ಅಂತ ಪೂರ್ತಿ ಓದಿ.

ಹಂತ 3: ಸಾರ್ವತ್ರಿಕವೋ, ಪರಿಮಿತವೋ?

ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಕರ್ನಾಟಕದ ಅಧಿಸೂಚನೆಯಲ್ಲಿ ಎರಡು ಪಟ್ಟಿ ಇರುತ್ತವೆ. ಮೊದಲನೆಯದು ಸಾರ್ವತ್ರಿಕ ರಜಾ ದಿನಗಳು. ಕಚೇರಿಯೇ ಮುಚ್ಚುವ ದಿನಗಳಿವು. ಆಮೇಲೆ ಬರುವುದು ಪರಿಮಿತ ರಜೆಗಳು. ಅಂದರೆ ಕಚೇರಿ ತೆರೆದಿರುತ್ತದೆ, ಬೇಕಾದವರು ಅರ್ಜಿ ಕೊಟ್ಟು ಆ ದಿನ ರಜೆ ತೆಗೆದುಕೊಳ್ಳಬಹುದು. ಗುರುನಾನಕ್ ಜಯಂತಿ ಇರುವುದು ಈ ಎರಡನೇ ಪಟ್ಟಿಯಲ್ಲಿ.

ವಾಟ್ಸಾಪಿನಲ್ಲಿ ಓಡಾಡುವುದು ಹೆಚ್ಚಾಗಿ ಒಂದೇ ಪುಟದ ಫೋಟೋ. ಮೇಲೆ ಸರ್ಕಾರದ ಲಾಂಛನ ಇಲ್ಲ, ಶೀರ್ಷಿಕೆ ಕತ್ತರಿಸಿ ಹೋಗಿದೆ. ಕ್ರಮ ಸಂಖ್ಯೆ, ತಾರೀಕು, ವಾರ, ಹಬ್ಬದ ಹೆಸರು, ಇಷ್ಟೇ. ನೋಡಿದವರು "ಓ, ರಜೆ ಇದೆ" ಅಂದುಕೊಳ್ಳುತ್ತಾರೆ. ಗುರುತು ಹಿಡಿಯಲು ಒಂದು ಸುಲಭ ಉಪಾಯ: ಅದೇ ಪುಟದಲ್ಲಿ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಇವೆಯಾ ನೋಡಿ. ಮೂರರಲ್ಲಿ ಒಂದೂ ಇಲ್ಲದಿದ್ದರೆ ನಿಮ್ಮ ಕೈಯಲ್ಲಿರುವುದು ಪರಿಮಿತ ರಜೆಯ ಪುಟ ಅಂತಲೇ ಅನುಮಾನಿಸಿ, ಇಡೀ ಅಧಿಸೂಚನೆ ತೆರೆಯಿರಿ. ಪಟ್ಟಿಯ ಕೆಳಗಿನ ಸೂಚನೆಗಳನ್ನೂ ಓದಿ. ಭಾನುವಾರಕ್ಕೆ ಬಿದ್ದ ಹಬ್ಬಗಳು ಮೇಲಿನ ಪಟ್ಟಿಯಲ್ಲಿ ಇರುವುದಿಲ್ಲ, ಆ ವಿಷಯ ಕೆಳಗೆ ಬರೆದಿರುತ್ತಾರೆ.

ಕೇಂದ್ರದ ಆದೇಶದಲ್ಲೂ ಇದೇ ಥರ ಪದರಗಳಿವೆ. 14 ಕಡ್ಡಾಯ. ಇನ್ನೂ 12 ಸಾಲುಗಳಿಂದ 3 ಆರಿಸಿಕೊಳ್ಳಬೇಕು. ದೆಹಲಿಯ ಹೊರಗೆ ಈ ಆಯ್ಕೆಯನ್ನು ಆಯಾ ರಾಜ್ಯದ ರಾಜಧಾನಿಯಲ್ಲಿರುವ ಕೇಂದ್ರ ನೌಕರರ ಕಲ್ಯಾಣ ಸಮನ್ವಯ ಸಮಿತಿ ಮಾಡುತ್ತದೆ. ಇವೆಲ್ಲದರ ಜತೆಗೆ ಪ್ರತಿ ನೌಕರರಿಗೆ ವರ್ಷಕ್ಕೆ 2 ಪರಿಮಿತ ರಜೆ, ಕಚೇರಿ ಭಾಷೆಯಲ್ಲಿ ಆರ್.ಎಚ್.

ಸಿಖ್ಖರ ಹಬ್ಬಗಳು ಈ ಮೂರೂ ಪದರಗಳಲ್ಲಿ ಹಂಚಿಹೋಗಿವೆ. ಗುರುನಾನಕ್ ಜಯಂತಿ ಕಡ್ಡಾಯದಲ್ಲಿ. ಬೈಸಾಖಿ ಆಯ್ಕೆಯ 12ರಲ್ಲಿ, ಅದೂ ಯುಗಾದಿ, ಗುಡಿ ಪಾಡ್ವ, ವಿಷು ಇರುವ ಅದೇ ಸಾಲಿನಲ್ಲಿ. ಒಂದು ಸಾಲಿನಿಂದ ಕರ್ನಾಟಕದಲ್ಲಿ ಯಾವುದನ್ನು ಆರಿಸುತ್ತಾರೆ ಅಂತ ಬಿಡಿಸಿ ಹೇಳಬೇಕಾ? ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗ್ ಜಯಂತಿ ಪರಿಮಿತ ಪಟ್ಟಿಯಲ್ಲಿ. ಹಾಗಾಗಿ "ಸಿಖ್ ಹಬ್ಬಕ್ಕೆ ಕೇಂದ್ರದಲ್ಲಿ ರಜೆ" ಅಂತ ಸಾರಾಸಗಟಾಗಿ ಹೇಳಲು ಬರುವುದಿಲ್ಲ. ಯಾವ ಹಬ್ಬ ಅಂತ ಕೇಳಲೇಬೇಕು.

ಏಪ್ರಿಲಿನಲ್ಲಿ ಇನ್ನೊಂದು ಮೋಸ ಕಾದಿರುತ್ತದೆ. ಬೈಸಾಖಿ ಏಪ್ರಿಲ್ 13 ಅಥವಾ 14ಕ್ಕೆ ಬರುತ್ತದೆ. 14ಕ್ಕೆ ಕರ್ನಾಟಕದಲ್ಲಿ ಎಲ್ಲ ಮುಚ್ಚಿರುವುದನ್ನು ಕಂಡು "ನೋಡಿ, ಬೈಸಾಖಿಗೆ ಇಲ್ಲೂ ರಜೆ" ಅನ್ನುವವರಿದ್ದಾರೆ. ಆ ರಜೆ ಅಂಬೇಡ್ಕರ್ ಜಯಂತಿಯದ್ದು. ಹಬ್ಬ 13ಕ್ಕೆ ಬಿದ್ದ ವರ್ಷ ಈ ಲೆಕ್ಕ ಕೈಕೊಡುತ್ತದೆ.

ಹಂತ 4: ಈಗ ತಾರೀಕು

ಗುರುನಾನಕ್ ಜಯಂತಿ ಕಾರ್ತಿಕ ಹುಣ್ಣಿಮೆಯ ಜತೆ ಓಡಾಡುತ್ತದೆ. 2023ರಲ್ಲಿ ನವೆಂಬರ್ 27, 2024ರಲ್ಲಿ ನವೆಂಬರ್ 15, 2025ರಲ್ಲಿ ನವೆಂಬರ್ 5. ಪ್ರತಿ ವರ್ಷ ಹತ್ತು ಹನ್ನೆರಡು ದಿನ ಹಿಂದೆ ಸರಿಯುವುದು ನೋಡಿ, 2026ಕ್ಕೆ ಅಕ್ಟೋಬರ್ ಕೊನೆ ಅಂತ ಲೆಕ್ಕ ಹಾಕಿಬಿಟ್ಟೀರಿ ಜೋಕೆ. ಆ ವರ್ಷ ಅಧಿಕ ಮಾಸ ಇದೆ, ಹಾಗಾಗಿ ನವೆಂಬರ್ 24, ಮಂಗಳವಾರಕ್ಕೆ ಜಿಗಿಯುತ್ತದೆ.

ಈದ್ ಹಬ್ಬಗಳಿಗೆ ಚಂದ್ರ ಕಂಡ ಮೇಲೆ ಕೊನೇ ಗಳಿಗೆಯಲ್ಲಿ ದಿನ ಬದಲಾಗುವುದುಂಟು. ಇದಕ್ಕೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಹಬ್ಬ ಭಾನುವಾರ ಬಿದ್ದರೆ ಸೋಮವಾರ ಬದಲಿ ರಜೆ ಕೇಳಬೇಡಿ. ವಾರದ ರಜೆಯ ದಿನಕ್ಕೆ ಹಬ್ಬ ಬಿದ್ದರೆ ಬದಲಿ ಇಲ್ಲ ಅಂತ ಕೇಂದ್ರದ ಆದೇಶದಲ್ಲೇ ಇದೆ. ನಮ್ಮ ಕನಕ ಜಯಂತಿಯೂ 2025ರಲ್ಲಿ ಎರಡನೇ ಶನಿವಾರಕ್ಕೆ ಬಿದ್ದು ಸುಮ್ನೆ ಹೋಯಿತು.

ಗುರು ಗೋಬಿಂದ್ ಸಿಂಗ್ ಜಯಂತಿಯ ತಾರೀಕು ಇದಕ್ಕಿಂತ ತರಲೆ. ಅದು ಡಿಸೆಂಬರ್ ಕೊನೆ ಮತ್ತು ಜನವರಿ ಮಧ್ಯದ ನಡುವೆ ಅಲೆದಾಡುವುದರಿಂದ ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಎರಡು ಸಲ ಬರಬಹುದು, ಬಾರದೆಯೂ ಇರಬಹುದು. 2022ರಲ್ಲಿ ಜನವರಿ 9ಕ್ಕೆ ಬಂತು, ಮತ್ತೆ ಡಿಸೆಂಬರ್ 29ಕ್ಕೆ ಬಂತು. 2023 ಪೂರ್ತಿ ಖಾಲಿ. 2025ರಲ್ಲಿ ಮತ್ತೆ ಎರಡು ಸಲ: ಜನವರಿ 6, ಡಿಸೆಂಬರ್ 27. ಕಳೆದ ವರ್ಷದ ಫೈಲ್ ನೋಡಿ ತಾರೀಕು ತುಂಬುವ ಅಭ್ಯಾಸ ಇದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ವರ್ಷದ ಮಧ್ಯೆ ಆದೇಶ ಬದಲಾಗುವುದೂ ಉಂಟು. ಸಿಖ್ಖರ ಒಂಬತ್ತನೇ ಗುರು ತೇಗ್ ಬಹಾದೂರರು ಹುತಾತ್ಮರಾಗಿ 350 ವರ್ಷವಾದ 2025ರಲ್ಲಿ ದೆಹಲಿ ಸರ್ಕಾರ ನವೆಂಬರ್ 25ಕ್ಕೆ ಸಾರ್ವತ್ರಿಕ ರಜೆ ಘೋಷಿಸಿತು. ಉತ್ತರ ಪ್ರದೇಶ ತನ್ನ ಪಟ್ಟಿಯಲ್ಲಿ 24ಕ್ಕೆ ಇದ್ದ ರಜೆಯನ್ನು 25ಕ್ಕೆ ಸರಿಸಿತು. ಜನವರಿಯಲ್ಲಿ ಡೌನ್‌ಲೋಡ್ ಮಾಡಿದ ಪಟ್ಟಿಯನ್ನೇ ನಂಬಿ ಕೂತವರಿಗೆ ಗೊತ್ತೇ ಆಗಲಿಲ್ಲ. ಹಬ್ಬಕ್ಕೆ ಒಂದು ವಾರ ಇರುವಾಗ ತಿದ್ದುಪಡಿ ಬಂದಿದೆಯಾ ಅಂತ ಮತ್ತೊಮ್ಮೆ ನೋಡಿ.

ಹಂತ 5: ಬ್ಯಾಂಕ್ ಮತ್ತು ಷೇರು ಮಾರುಕಟ್ಟೆ

ಬ್ಯಾಂಕ್ ಕೇಂದ್ರದ್ದಾದರೂ ರಜೆ ರಾಜ್ಯದ್ದು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಆಯಾ ರಾಜ್ಯದಲ್ಲಿ ಘೋಷಣೆಯಾದ ದಿನಗಳಂದು ಬ್ಯಾಂಕ್ ಮುಚ್ಚುತ್ತದೆ. ಅದಕ್ಕೇ ಅಂಚೆ ಕಚೇರಿಗೆ ಬೀಗ, ಪಕ್ಕದ ಬ್ಯಾಂಕಿಗೆ ಕ್ಯೂ.

ರಿಸರ್ವ್ ಬ್ಯಾಂಕಿನ ಪುಟ ತೆರೆದು ತಿಂಗಳು ಆರಿಸಿ. ಊರುಗಳ ಪಟ್ಟಿಯಲ್ಲಿ ಬೆಂಗಳೂರು ಹುಡುಕಿ. ಬೀದರ್, ಮಂಗಳೂರು, ಹುಬ್ಬಳ್ಳಿ ಅಂತ ಹುಡುಕಿದರೆ ಸಿಗುವುದಿಲ್ಲ, ಕರ್ನಾಟಕಕ್ಕೆಲ್ಲ ಬೆಂಗಳೂರಿನ ಸಾಲೇ. ತಾರೀಕಿನ ಕೆಳಗೆ ಗುರುತು ಇದ್ದರೆ ರಜೆ, ಖಾಲಿ ಇದ್ದರೆ ಕೆಲಸ. 2025ರ ನವೆಂಬರ್ ನೋಡಿದವರಿಗೆ ನೆನಪಿರಬಹುದು. ಬೆಂಗಳೂರಿನ ಎದುರು 1ಕ್ಕೆ ರಾಜ್ಯೋತ್ಸವದ ಗುರುತು, 8ಕ್ಕೆ ಕನಕ ಜಯಂತಿಯ ಗುರುತು. 5 ಖಾಲಿ. ಅದೇ 5ಕ್ಕೆ ಹೈದರಾಬಾದ್, ಮುಂಬೈ, ಚಂಡೀಗಢ, ದೆಹಲಿಗೆಲ್ಲ ಗುರುತು ಇತ್ತು.

ಸುದ್ದಿ ತಾಣಗಳಲ್ಲಿ "ನವೆಂಬರಿನಲ್ಲಿ ಇಷ್ಟು ದಿನ ಬ್ಯಾಂಕ್ ರಜೆ" ಅಂತ ಬರುವ ಲೆಕ್ಕ ಇಡೀ ದೇಶದ ಗುರುತುಗಳನ್ನೆಲ್ಲ ಕೂಡಿದ್ದು. ಶಿಲ್ಲಾಂಗಿನ ಹಬ್ಬವೂ ಅದರಲ್ಲಿ ಸೇರಿರುತ್ತದೆ. ಓದಿ ಗಾಬರಿ ಆಗಬೇಡಿ. ಯುಪಿಐ, ನೆಫ್ಟ್, ಆರ್‌ಟಿಜಿಎಸ್ ರಜೆ ದಿನವೂ ನಡೆಯುತ್ತವೆ. ಕೌಂಟರಿನಲ್ಲೇ ಆಗಬೇಕಾದ ಕೆಲಸಕ್ಕೆ ಮಾತ್ರ ಈ ತಲೆನೋವು: ಡಿಡಿ, ಲಾಕರ್, ಚಿನ್ನದ ಸಾಲ, ಇಂಥವು.

ಷೇರು ಪೇಟೆ ಬೇರೆ ಕತೆ. ಬಿಎಸ್ಇ, ಎನ್ಎಸ್ಇ ಎರಡಕ್ಕೂ ಆ ದಿನ ರಜೆ. ಬೆಂಗಳೂರಿನಲ್ಲಿ ಬ್ಯಾಂಕ್ ತೆರೆದಿದೆ ಅಂತ ಷೇರು ಮಾರಲು ಕೂತರೆ ಆರ್ಡರ್ ಹೋಗುವುದಿಲ್ಲ. ಹಿಂದಿನ ದಿನ ಮಾರಿದ್ದರೆ ದುಡ್ಡು ಕೈಗೆ ಬರುವುದೂ ಒಂದು ದಿನ ತಡ. ಮರುದಿನ ಇಎಂಐ ಇದ್ದವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹಂತ 6: ಪರಿಮಿತ ರಜೆಗೆ ಅರ್ಜಿ

ರಾಜ್ಯ ಸರ್ಕಾರಿ ನೌಕರರು ಗುರುದ್ವಾರಕ್ಕೆ ಹೋಗಬೇಕೆಂದರೆ ಇದೇ ದಾರಿ. ವರ್ಷಕ್ಕೆ ಎರಡು ಪರಿಮಿತ ರಜೆ ಮಾತ್ರ, ಅದನ್ನು ಯಾವುದಕ್ಕೆ ಬಳಸುವುದು ಅಂತ ಜನವರಿಯಲ್ಲೇ ಯೋಚಿಸಿಡಿ. ನವೆಂಬರಿನ ಹೊತ್ತಿಗೆ ಎರಡೂ ಮುಗಿದಿರುತ್ತವೆ, ಸಾಮಾನ್ಯವಾಗಿ.

ಮೊದಲು ನಿಮ್ಮ ರಜೆ ಲೆಕ್ಕ ನೋಡಿ, ಒಂದಾದರೂ ಉಳಿದಿದೆಯಾ ಅಂತ. ಆಮೇಲೆ ಆ ವರ್ಷದ ಅಧಿಸೂಚನೆಯಲ್ಲಿ ಹಬ್ಬದ ಕ್ರಮ ಸಂಖ್ಯೆ ಗುರುತು ಹಾಕಿಕೊಳ್ಳಿ. ನಂತರ ಅರ್ಜಿ. ಹಿಂದು ಮುಂದು ಮಾಡಿದರೆ ಅರ್ಜಿ ವಾಪಸ್ ಬರುತ್ತದೆ. ಕಾಗದದಲ್ಲಾಗಲಿ ಆನ್‌ಲೈನಿನಲ್ಲಾಗಲಿ, ಇಷ್ಟು ಬರೆದರೆ ಸಾಕು:

"ಮಾನ್ಯರೇ, ಪ್ರಸಕ್ತ ಸಾಲಿನ ಸರ್ಕಾರಿ ಅಧಿಸೂಚನೆಯ ಪರಿಮಿತ ರಜೆಗಳ ಪಟ್ಟಿಯ ಕ್ರಮ ಸಂಖ್ಯೆ ....ರಲ್ಲಿರುವ ಗುರುನಾನಕ್ ಜಯಂತಿಯ ದಿನಾಂಕ ....ರಂದು ನನಗೆ ಪರಿಮಿತ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಈ ವರ್ಷ ಇದುವರೆಗೆ .... ಪರಿಮಿತ ರಜೆ ಬಳಸಿರುತ್ತೇನೆ. ಸದರಿ ದಿನ ನನ್ನ ಕೆಲಸವನ್ನು ಶ್ರೀ/ಶ್ರೀಮತಿ .... ಅವರು ನೋಡಿಕೊಳ್ಳುತ್ತಾರೆ."

ಕೊನೆಯ ವಾಕ್ಯ ನಿಯಮದಲ್ಲಿ ಕೇಳಿದ್ದಲ್ಲ. ಆದರೆ ಅದಿದ್ದರೆ ಸಾಹೇಬರು ಬೇಗ ಸಹಿ ಹಾಕುತ್ತಾರೆ, ಇದು ಅನುಭವದ ಮಾತು.

ಅರ್ಜಿ ಮೊದಲೇ ಹೋಗಬೇಕು. ಹೋಗಿ ಬಂದ ಮೇಲೆ ಕೊಟ್ಟರೆ ಅದು ಸಾಂದರ್ಭಿಕ ರಜೆಯಲ್ಲಿ ಕಡಿತ ಆಗುವ ಸಾಧ್ಯತೆ ಜಾಸ್ತಿ. ಈ ರಜೆಯನ್ನು ಮರುದಿನಕ್ಕೆ ತಳ್ಳಲು ಆಗುವುದಿಲ್ಲ, ಪಟ್ಟಿಯಲ್ಲಿರುವ ತಾರೀಕಿಗೇ ತೆಗೆದುಕೊಳ್ಳಬೇಕು. ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಹೋಗುವುದಿಲ್ಲ.

ಹಂತ 7: ಖಾಸಗಿ ಕೆಲಸದವರು

ಕೇಂದ್ರದ ಪಟ್ಟಿ ತೋರಿಸಿ ಮ್ಯಾನೇಜರ್ ಜತೆ ವಾದ ಮಾಡಬೇಡಿ, ಗೆಲ್ಲುವುದಿಲ್ಲ. ಕರ್ನಾಟಕದ ಕಾರ್ಖಾನೆ, ಕಂಪನಿಗಳಿಗೆ ಅನ್ವಯಿಸುವುದು 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಅದರಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ. ಅದರ ಮೇಲೆ ಹಬ್ಬದ ರಜೆ. ಯಾವ ಹಬ್ಬ ಅನ್ನುವುದು ಪ್ರತಿ ಸಂಸ್ಥೆಯಲ್ಲಿ ಬೇರೆ ಬೇರೆ.

ಪಟ್ಟಿ ತಯಾರಾಗುವುದು ಹೆಚ್ಚಾಗಿ ಡಿಸೆಂಬರಿನಲ್ಲಿ. ಕೇಳುವುದಿದ್ದರೆ ಆಗಲೇ ಎಚ್‌ಆರ್ ಅವರನ್ನು ಕೇಳಿ. ನಿಮ್ಮ ತಂಡದಲ್ಲಿ ಸಿಖ್ ಸಹೋದ್ಯೋಗಿ ಇದ್ದರೆ ಅವರನ್ನೂ ಜತೆಗೆ ಕರೆದುಕೊಂಡು ಹೋಗಿ. "ಇನ್ನೊಂದು ರಜೆ ಕೊಡಿ" ಅಂದರೆ ಆಗುವುದಿಲ್ಲ ಅನ್ನುತ್ತಾರೆ. "ಐಚ್ಛಿಕ ರಜೆಗಳ ಪಟ್ಟಿಗೆ ಇದನ್ನೂ ಸೇರಿಸಿ" ಅಂದರೆ ಒಪ್ಪುವುದು ಸುಲಭ, ಒಟ್ಟು ದಿನ ಏರುವುದಿಲ್ಲವಲ್ಲ.

ಅನುಮಾನ ಬರಬೇಕಾದ ಗುರುತುಗಳು

ಮೆಸೇಜಿನಲ್ಲಿ "ಸರ್ಕಾರ ಘೋಷಿಸಿದೆ" ಅಂತ ಇದ್ದು ಆದೇಶ ಸಂಖ್ಯೆ ಇಲ್ಲದಿದ್ದರೆ ಅಳಿಸಿಬಿಡಿ. ಆದೇಶ ಸಂಖ್ಯೆ ಇದ್ದು ವರ್ಷ ಹಳೆಯದಾಗಿದ್ದರೂ ಅಷ್ಟೇ.

"ಆಚರಣೆ" ಅನ್ನುವ ಪದ ಕಂಡರೆ ನಿಂತು ಓದಿ. ಗುರು ಗೋಬಿಂದ್ ಸಿಂಗರ ಮಕ್ಕಳ ನೆನಪಿಗೆ ಡಿಸೆಂಬರ್ 26 ಅನ್ನು ವೀರ ಬಾಲ ದಿವಸ್ ಅಂತ ಆಚರಿಸುವುದಾಗಿ 2022ರ ಜನವರಿಯಲ್ಲಿ ಪ್ರಧಾನಿ ಘೋಷಿಸಿದರು. ಶಾಲೆಗಳಲ್ಲಿ ಅಂದು ಕಾರ್ಯಕ್ರಮ ಇರುತ್ತದೆ. ಅಂದರೆ ಮಕ್ಕಳು ಶಾಲೆಗೆ ಹೋಗಬೇಕು ಅಂತ ಅರ್ಥ, ಮನೆಯಲ್ಲಿರಬೇಕು ಅಂತ ಅಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೂ ಇದೇ ಮಾತು. ಕೆನಡಾದಲ್ಲಿ ಏಪ್ರಿಲ್ ತಿಂಗಳು ಸಿಖ್ ಪರಂಪರೆಯ ತಿಂಗಳು ಅಂತ ಕಾಯ್ದೆಯೇ ಇದೆ. ಒಂಟಾರಿಯೊ 2013ರಲ್ಲಿ ಮಾಡಿತು, ಇಡೀ ದೇಶಕ್ಕೆ 2019ರಲ್ಲಿ ಆಯಿತು. ಬೈಸಾಖಿ ಮೆರವಣಿಗೆಗೆ ರಸ್ತೆ ಬಂದ್ ಆಗಬಹುದು, ಆಫೀಸ್ ಬಂದ್ ಆಗುವುದಿಲ್ಲ. ಟೊರಾಂಟೊದಲ್ಲಿರುವ ಮಗ "ಅಮ್ಮಾ, ಇಲ್ಲಿ ತಿಂಗಳಿಡೀ ಸಿಖ್ ಹಬ್ಬ" ಅಂದರೆ, ಅವನಿಗೆ ತಿಂಗಳಿಡೀ ರಜೆ ಅಂತ ಫ್ಲೈಟ್ ಟಿಕೆಟ್ ನೋಡಲು ಹೋಗಬೇಡಿ.

ಹಿಂದಿನ ದಿನ ಮಧ್ಯಾಹ್ನ

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ, ಹಿಂದಿನ ದಿನ ಕಚೇರಿ ವೇಳೆಯಲ್ಲೇ ಒಂದು ಫೋನ್ ಮಾಡಿ. ಸಂಜೆ ಆರಕ್ಕೆ ಮಾಡಿದರೆ ಎತ್ತುವವರಿಲ್ಲ. "ನಾಳೆ ರಜೆಯಾ?" ಅಂತ ಕೇಳಬೇಡಿ. ಆರ್.ಎಚ್. ತೆಗೆದುಕೊಂಡ ಗುಮಾಸ್ತರು ತಮ್ಮ ರಜೆ ನೆನೆಸಿಕೊಂಡು "ಹೌದು" ಅಂದುಬಿಡುತ್ತಾರೆ. "ನಾಳೆ ಕೌಂಟರ್ ತೆರೆದಿರುತ್ತದೆಯಾ, ನನ್ನ ಈ ಕೆಲಸ ಮಾಡಿಕೊಡುವವರು ಬರುತ್ತಾರಾ?" ಅಂತ ಕೇಳಿ.